ನಲವತ್ತೇಳನೆಯ ಟಿಪ್ಪಣಿ

ಬಾಳೆ ಎಲೆಯನ್ನು ಹಿಂಬದಿಯಿಂದ ಒರೆಸಬೇಕು. ಮುಂಬದಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನು ಯಾರಾದರೂ ಒರೆಸುತ್ತಾರೆ. ಮಣ್ಣು, ಹುಳದ ಮೊಟ್ಟೆ, ಕಾಗೆಯ ಹಿಕ್ಕೆ ಎಲ್ಲ ಅಂಟಿಕೊಂಡಿರುವುದು ಹಿಂದೆ, ದಿಂಡಿನ ಪಕ್ಕದಲ್ಲಿ. ನಾನು ಐದನೆಯ ಎಲೆಯನ್ನು ಮಗುಚಿ ಹಾಕಿ ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದೆ.

ವಿಜಯದಶಮಿ. ಊಟಕ್ಕೆ ಒಂಬತ್ತು ಜನ, ಎಲೆ ಮಾತ್ರ ಏಳು. ನನಗೆ ಎಲೆ ಬೇಡ, ಯಜಮಾನರು ಹೋದ ಮೇಲೆ ನಾನು ಸ್ಟೀಲ್ ತಟ್ಟೆಯಲ್ಲೇ ಉಣ್ಣುವವಳು. ನನ್ನ ವಾರಗಿತ್ತಿ ಊರ್ಮಿಳೆಗೂ ಬೇರೆ ಎಲೆ ಇಲ್ಲ. ಹಬ್ಬದ ದಿನ ಅವಳು ಗಂಡ ಉಂಡು ಎದ್ದ ಎಲೆಯ ಮುಂದೆಯೇ ಕೂರುತ್ತಾಳೆ, ಶಾಸ್ತ್ರಕ್ಕೆ. ಎಂಟನೆಯದೊಂದು ಎಲೆ ಹರಿದಿತ್ತು, ಹಸುವಿಗೆಂದು ಪಕ್ಕಕ್ಕೆ ಇಟ್ಟೆ.

"ಅತ್ತಿಗೆ, ಈ ಸಲ ಜರ್ಮನ್ ಪುಸ್ತಕ ಸುಮ್ನೆ ಕೂರೋ ಹಾಗಿಲ್ಲ," ಎಂದು ಮೈದುನ ತಿರುಮಲೇಶ ಹಾಲಿನಿಂದ ಕೂಗಿದ. "ಮಕ್ಕಳೆಲ್ಲ ಬರ್ತಾ ಇದಾರೆ. ನೂರಾ ಹನ್ನೆರಡನೇ ಪುಟ ನೀವು ಓದಿ ಅರ್ಥ ಹೇಳ್ಬೇಕು. ಎರಡು ವರ್ಷ ಕಾಲೇಜಿಗೆ ಹೋಗಿದ್ದು ಸುಮ್ಸುಮ್ನೇನಾ?"

"ಓದ್ತೀನಿ," ಎಂದೆ.

ಸರಸ್ವತಿ ಪೂಜೆಯ ದಿನ ಮದರಾಸಿನ ಕೀಲ್ಪಾಕಿನ ನಮ್ಮ ಮನೆಯಲ್ಲಿ ದೇವರ ಮುಂದೆ ಪುಸ್ತಕಗಳನ್ನು ಪೇರಿಸಿ ಇಡುತ್ತೇವೆ. ತಳದಲ್ಲಿ ಮಕ್ಕಳ ಪಾಠದ ಪುಸ್ತಕ, ಮೇಲೆ ಸ್ತೋತ್ರದ ಪುಸ್ತಕಗಳು, ಎಲ್ಲಕ್ಕಿಂತ ಮೇಲೆ ಒಂದು ಹಸಿರು ರಟ್ಟಿನ ಜರ್ಮನ್ ಪುಸ್ತಕ. ಅದಕ್ಕೆ ಗಂಧ, ಕುಂಕುಮ, ಒಂದು ಮೊಳ ಮಲ್ಲಿಗೆ. ಇಟ್ಟ ಪುಸ್ತಕವನ್ನು ಆ ದಿನ ಯಾರೂ ಓದುವಂತಿಲ್ಲ. ಮರುದಿನ ವಿಜಯದಶಮಿಗೆ ತೆಗೆದು ಎಲ್ಲರೂ ಅವರವರ ಪುಸ್ತಕದಿಂದ ನಾಲ್ಕು ಸಾಲು ಓದಬೇಕು. ಹಸಿರು ಪುಸ್ತಕವನ್ನು ಮಾತ್ರ ಐವತ್ತು ವರ್ಷದಿಂದ ಯಾರೂ ಓದಿಲ್ಲ. ಓದಲು ಬರುತ್ತಿರಲಿಲ್ಲ. ನೂರಾ ಹನ್ನೆರಡನೆಯ ಪುಟ ತೆಗೆದು ಫೋಟೋ ನೋಡಿ, ಕಣ್ಣಿಗೆ ಒತ್ತಿಕೊಂಡು, ಮತ್ತೆ ಗಾಜಿನ ಬೀರುವಿಗೆ ಸೇರಿಸಿ ಬೀಗ ಹಾಕುತ್ತಿದ್ದರು. ಬೀಗದ ಕೈ ಮೊದಲು ಮಾವನವರ ಹತ್ತಿರ ಇರುತ್ತಿತ್ತು, ಈಗ ತಿರುಮಲೇಶನ ಹತ್ತಿರ.

ಆ ಫೋಟೋದಲ್ಲಿರುವ ಸೊಸೆ ನಾನು.

ನಾನು ಈ ಮನೆಗೆ ಬಂದಾಗ ನನಗೆ ಹದಿನೇಳು ವರ್ಷ, ಓದಿದ್ದು ನಾಲ್ಕನೆಯ ಕ್ಲಾಸು. ಬಂದ ಮೂರನೆಯ ದಿನದಿಂದ ಯಜಮಾನರ ಎಲೆಯಲ್ಲಿ ನನ್ನ ಊಟ. ಅವರು ಎದ್ದು ಕೈ ತೊಳೆಯಲು ಹೋದ ಮೇಲೆ ನಾನು ಆ ಎಲೆಯ ಮುಂದೆ ಕೂರಬೇಕು, ಅತ್ತೆ ಅದರ ಮೇಲೇ ಬಡಿಸುತ್ತಾರೆ. ಅಗಿದು ಬಿಟ್ಟ ನುಗ್ಗೆಕಾಯಿಯ ನಾರು ಒಂದು ಕಡೆ, ಬೆರಳು ಎಳೆದ ಹುಳಿಯ ಗೆರೆ ಒಂದು ಕಡೆ. ಮಜ್ಜಿಗೆ ಹರಿದು ದಿಂಡಿನ ಹತ್ತಿರ ನಿಂತಿರುತ್ತಿತ್ತು. ಯಜಮಾನರಿಗೆ ಒಸಡಿನ ಕಾಯಿಲೆ ಇತ್ತು. ಉಳಿದ ಅನ್ನದ ಮೇಲೆ ಕೆಲವು ದಿನ ಎಳೆಯಾಗಿ ಕೆಂಪು ಕಾಣುತ್ತಿತ್ತು. ಅವರು ಕೆಟ್ಟವರಲ್ಲ. ನನಗೆಂದು ಅರ್ಧ ಆಂಬೊಡೆ ಬಿಟ್ಟೇ ಏಳುತ್ತಿದ್ದರು, ಪ್ರೀತಿಯಿಂದಲೇ. ಆ ಅರ್ಧದ ಅಂಚಿನಲ್ಲಿ ಅವರ ಹಲ್ಲಿನ ಗುರುತು ಇರುತ್ತಿತ್ತು. ನಾನು ನೀರು ಕುಡಿದು ಕುಡಿದು ನುಂಗುತ್ತಿದ್ದೆ. ಹಿತ್ತಲ ಬಚ್ಚಲಲ್ಲಿ ವಾಂತಿ ಮಾಡಿಕೊಂಡಾಗ ಅತ್ತೆ ಒಳ್ಳೆಯ ಸುದ್ದಿ ಎಂದುಕೊಂಡರು. ಒಳ್ಳೆಯ ಸುದ್ದಿ ಆ ಮನೆಯಲ್ಲಿ ನನ್ನಿಂದ ಯಾವತ್ತೂ ಬರಲಿಲ್ಲ.

ಎರಡು ವರ್ಷದ ನಂತರ ರೆನಾಟೆ ಹೋಲ್ಷರ್ ಬಂದರು. ಮೂವತ್ತರ ಆಸುಪಾಸಿನ ಜರ್ಮನ್ ಹೆಂಗಸು. ಮದರಾಸಿನ ವೈಷ್ಣವರ ಮನೆಗಳ ನಡಾವಳಿಯ ಮೇಲೆ ಪುಸ್ತಕ ಬರೆಯುತ್ತಾರೆ ಎಂದು ರೈಲ್ವೆ ಆಫೀಸಿನ ಯಾರೋ ಮಾವನವರಿಗೆ ಪರಿಚಯ ಮಾಡಿಸಿದ್ದರು. ಜಗುಲಿಯ ಮೇಲೆ ಅವರಿಗೆ ಬೇರೆ ಲೋಟದಲ್ಲಿ ಕಾಫಿ, ಅವರು ಹೋದ ಮೇಲೆ ಆ ಲೋಟಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುವ ಕೆಲಸ ನನ್ನದು. ಅವರು ಇಂಗ್ಲಿಷಿನಲ್ಲಿ ಕೇಳುವರು. ನನ್ನ ಓರಗೆಯವನೇ ಆದ ತಿರುಮಲೇಶ ಆಗ ಬಿ.ಎ. ಓದುತ್ತಿದ್ದ, ಆ ಕಡೆ ಈ ಕಡೆ ಮಾತು ದಾಟಿಸುವವನು ಅವನೇ. ಒಂದು ಮಧ್ಯಾಹ್ನ ಆಕೆ ನಡುಮನೆಯ ಹೊಸಿಲಾಚೆ ನಿಂತು, ನಾನು ಎಲೆಯ ಮುಂದೆ ಕೂತಿದ್ದನ್ನು ಫೋಟೋ ತೆಗೆದರು. ಆಮೇಲೆ ಏನೋ ಕೇಳಿದರು.

"ಅತ್ತಿಗೆ, ಹೀಗೆ ಉಣ್ಣೋದು ನಿಮಗೆ ಹೇಗನ್ಸತ್ತೆ ಅಂತ ಕೇಳ್ತಾ ಇದಾರೆ," ಎಂದ ತಿರುಮಲೇಶ.

ಅದುವರೆಗೆ ನನಗೆ ಏನನ್ನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದಕ್ಕೇ ಇರಬೇಕು, ನಿಜ ಬಾಯಿಗೆ ಬಂದುಬಿಟ್ಟಿತು. "ಅಸಹ್ಯ," ಎಂದೆ. ಅಂದು ಮುಖ ತಿರುಗಿಸಿದೆ. ಅಡಿಗೆ ಮನೆಯಲ್ಲಿದ್ದ ಅತ್ತೆಗೆ ಕೇಳಿಸಲಿಲ್ಲ. ತಿರುಮಲೇಶ ಇಂಗ್ಲಿಷಿನಲ್ಲಿ ಹೇಳಿದ, ಆಕೆ ಬರೆದುಕೊಂಡರು.

ಊರಿಗೆ ಹೊರಡುವ ದಿನ ಆಕೆ ಬಚ್ಚಲ ಹತ್ತಿರ ಬಂದು ನನ್ನ ಕೈಯಲ್ಲಿ ಒಂದು ಲಕೋಟೆ ತುರುಕಿದರು. ಅದರ ಮೇಲೆ ಅವರ ವಿಳಾಸ, ಒಳಗೆ ಒಂದು ಕೂಪನ್. ಅದನ್ನು ಅಂಚೆ ಕಚೇರಿಯಲ್ಲಿ ಕೊಟ್ಟರೆ ಪರದೇಶಕ್ಕೆ ಹಚ್ಚುವ ಸ್ಟಾಂಪು ಕೊಡುತ್ತಾರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಬರೆ ಎಂದು ಕೈಸನ್ನೆ ಮಾಡಿದರು. ಏನನ್ನು ಬರೆಯುವುದು, ಯಾವ ಭಾಷೆಯಲ್ಲಿ. ಲಕೋಟೆಯನ್ನು ನನ್ನ ಟ್ರಂಕಿನಲ್ಲಿ ಧಾರೆ ಸೀರೆಯ ಮಡಿಕೆಯಲ್ಲಿ ಇಟ್ಟೆ.

ಪುಸ್ತಕ ಮೂರು ವರ್ಷದ ಮೇಲೆ ಟಪಾಲಿನಲ್ಲಿ ಬಂತು. ನಮ್ಮ ಮನೆಯ ಹೆಸರು ಜರ್ಮನಿಯಲ್ಲಿ ಅಚ್ಚಾಗಿದೆ ಎಂದು ಮಾವನವರು ಬೀದಿಗೆಲ್ಲ ತೋರಿಸಿ ಬಂದರು. ಆ ವರ್ಷದಿಂದ ಪೂಜೆ. ಆ ಪೂಜೆ ನೋಡುತ್ತ ನನಗೊಂದು ಗುಟ್ಟಿನ ಸಂತೋಷ ಇತ್ತು. ಅತ್ತೆ ಹೂವು ಏರಿಸುವಾಗ, ಮಾವನವರು ಅಡ್ಡ ಬೀಳುವಾಗ, ಆ ಪುಸ್ತಕದೊಳಗೆ ನನ್ನ ಒಂದು ಮಾತು ಕೂತಿದೆ ಎಂದುಕೊಳ್ಳುತ್ತಿದ್ದೆ. ಅಸಹ್ಯ ಎಂಬ ಮಾತಿಗೆ ಇವರು ಕುಂಕುಮ ಹಚ್ಚುತ್ತಿದ್ದಾರೆ. ಅದೊಂದು ನೆನಪಿನ ಮೇಲೆ ಎಷ್ಟೋ ಎಲೆಗಳನ್ನು ನುಂಗಿದ್ದೇನೆ.

ಯಜಮಾನರು ತೀರಿಕೊಂಡಾಗ ನನಗೆ ಮೂವತ್ತು. ಆಮೇಲೆ ಪುರಸವಾಕ್ಕಂನಲ್ಲಿ ರಾತ್ರಿ ಶಾಲೆಗೆ ಸೇರಿದೆ. ಎಸ್ಸೆಸ್ಸೆಲ್ಸಿ ಮುಗಿಸಿದೆ, ಇನ್ಶೂರೆನ್ಸ್ ಆಫೀಸಿನಲ್ಲಿ ರೆಕಾರ್ಡ್ ವಿಭಾಗದ ಕೆಲಸ ಸಿಕ್ಕಿತು, ಅಂಚೆ ಪಾಠದಲ್ಲಿ ಬಿ.ಎ. ಆಯಿತು. ರಿಟೈರಾಗಿ ಕೆಲವು ವರ್ಷದ ಮೇಲೆ, ವಿಶ್ವವಿದ್ಯಾಲಯದಲ್ಲಿ ಜರ್ಮನ್ ಭಾಷೆ ಮತ್ತು ಸಂಸ್ಕೃತಿಗೆ ಸಂಜೆಯ ಡಿಪ್ಲೊಮಾ ಇದೆ, ವಯಸ್ಸಿನ ಮಿತಿ ಇಲ್ಲ ಎಂದು ಪೇಪರಿನಲ್ಲಿ ಓದಿದೆ. ಸಾಯುವುದರೊಳಗೆ ನನ್ನ ಮಾತನ್ನು ಆ ಪುಟದಲ್ಲಿ ಕಣ್ಣಾರೆ ನೋಡಬೇಕಿತ್ತು. ಬೇರೆ ಆಸೆ ಏನೂ ಇರಲಿಲ್ಲ.

ಕ್ಲಾಸಿನಲ್ಲಿ ಇಪ್ಪತ್ತು ಜನ. ಹೆಚ್ಚಿನವರು ಜರ್ಮನಿಯ ಆಸ್ಪತ್ರೆಗಳಿಗೆ ಹೋಗಲು ಹೊರಟ ನರ್ಸುಗಳು, ಮಿಕ್ಕವರು ಪೋರೂರಿನ ಐಟಿ ಕಂಪನಿಯವರು. ಟೀಚರು ವಂದನಾ, ನಲವತ್ತು ದಾಟದ ಹೆಣ್ಣುಮಗಳು, ಮನೆಮಾತು ಕನ್ನಡ. ಮೊದಲ ದಿನ, ಯಾರಿಗೆ ಯಾವ ಪದ ಬೇಕೋ ಕೇಳಿ ಎಂದರು. ಯಾರೋ ಪ್ರೀತಿ ಎಂದರು, ಯಾರೋ ಸಂಬಳ ಎಂದರು. ನಾನು ಅಸಹ್ಯಕ್ಕೆ ಏನನ್ನುತ್ತಾರೆ ಎಂದು ಕೇಳಿದೆ. ಎಲ್ಲರೂ ನಕ್ಕರು. ವಂದನಾ ಬೋರ್ಡಿನ ಮೇಲೆ ಬರೆದರು, ಏಕೆಲ್. ಅವರ ಲಿಪಿಯಲ್ಲಿ ನಾಲ್ಕೇ ಅಕ್ಷರ. ಅವತ್ತು ಬಸ್ಸಿನಲ್ಲಿ ಮನೆ ಮುಟ್ಟುವವರೆಗೆ ಆ ನಾಲ್ಕಕ್ಷರವನ್ನು ಟಿಕೆಟಿನ ಹಿಂದೆ ಬರೆದು ನೋಡುತ್ತಿದ್ದೆ.

ಎರಡನೆಯ ವರ್ಷ ಸಂಸ್ಕೃತಿಯ ಪೇಪರಿಗೆ, ನಮ್ಮ ಊರಿನ ಬಗ್ಗೆ ಜರ್ಮನರು ಬರೆದ ಒಂದು ಪುಟ ತರಬೇಕೆಂದು ವಂದನಾ ಹೇಳಿದರು. ನಾನು ತಿರುಮಲೇಶನನ್ನು ಪುಸ್ತಕ ಕೇಳಿದೆ. ಪುಸ್ತಕ ಮನೆಯಿಂದ ಆಚೆ ಹೋಗುವ ಹಾಗಿಲ್ಲ ಎಂದು, ನೂರಾ ಹನ್ನೆರಡನೆಯ ಪುಟವೊಂದನ್ನು ತಾನೇ ಜೆರಾಕ್ಸ್ ಮಾಡಿಸಿ ತಂದುಕೊಟ್ಟ. ಕೊಡುವಾಗ ಮುಖ ಅರಳಿತ್ತು.

ಹಾಸಿಗೆಯ ಮೇಲೆ ಕೂತು ಹಾಳೆಯ ತುಂಬ ಏಕೆಲ್ ಹುಡುಕಿದೆ. ಇರಲಿಲ್ಲ. ಬೇರೆ ಪದ ಬಳಸಿರಬಹುದು ಎಂದು ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಸಾಲು ಬಿಡಿಸಿದೆ. ಫೋಟೋದ ಕೆಳಗೆ ನನ್ನ ಉತ್ತರ ಇತ್ತು. ಗಂಡನ ಎಲೆಯ ಅನ್ನ ನನಗೆ ದೇವರ ಪ್ರಸಾದದಷ್ಟು ಸಿಹಿ, ಅದು ಸಿಗದ ದಿನ ನಾನು ಉಪವಾಸ ಇರುತ್ತೇನೆ, ಏಳು ಜನ್ಮಕ್ಕೂ ಇದೇ ಎಲೆ ಬೇಡುತ್ತೇನೆ, ಎಂದು ನಾನು ಹೇಳಿದ್ದೆನಂತೆ.

ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದೆ. ಐವತ್ತು ವರ್ಷದ ಹಿಂದಿನ ಮಜ್ಜಿಗೆಯ ರುಚಿ ನಾಲಿಗೆಯ ಮೇಲೆ ಹಾಗೇ ಇತ್ತು.

ಕ್ಲಾಸಿಗೆ ಹಾಳೆ ಒಯ್ಯದೆ ಬೇರೆ ದಾರಿ ಇರಲಿಲ್ಲ. ವಂದನಾ ಅದನ್ನು ಪರದೆಯ ಮೇಲೆ ಹಾಕಿದರು. ನನ್ನ ಪಕ್ಕ ಕೂರುವ ವಿಭಾ, ಪೋರೂರಿನ ಆಸ್ಪತ್ರೆಯ ನರ್ಸು, ಓದಿ ಮುಗಿಸಿ ಮುಖ ಹಿಂಡಿದಳು.

"ಛೀ. ಆಂಟಿ, ಇವಳಿಗೆ ವಾಕರಿಕೆ ಬರ್ಲಿಲ್ವಾ? ಪ್ರಸಾದ ಅಂತೆ. ಇಂಥ ಹೆಂಗಸರಿಂದಲೇ ಎಲ್ಲಾ ಹಾಳಾಗಿದ್ದು."

ಹಿಂದಿನ ಬೆಂಚಿನಿಂದ ಯಾರೋ ತಮಿಳಿನಲ್ಲಿ ಏನೋ ಸೇರಿಸಿದರು, ನಗು ಎದ್ದಿತು. ಹುಡುಗಿಯರ ಅಸಹ್ಯವೆಲ್ಲ ಪರದೆಯ ಮೇಲಿದ್ದ ಹತ್ತೊಂಬತ್ತು ವರ್ಷದ ಹುಡುಗಿಯ ಮೇಲೆ ಬಿತ್ತು. ಎಲೆ ಯಾರದ್ದು, ಬಡಿಸಿದವರು ಯಾರು, ಅದನ್ನು ಯಾರೂ ಕೇಳಲಿಲ್ಲ. ನಾನು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ಕೂತೆ.

ಎಲ್ಲರೂ ಹೋದ ಮೇಲೆ ವಂದನಾ ಅವರಿಗೆ ಹೇಳಿದೆ. "ಆ ಹುಡುಗಿ ನಾನೇ, ಮಿಸ್. ನಾನು ಹಾಗೆ ಹೇಳಿರಲಿಲ್ಲ."

ಅವರು ಹಾಳೆಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಉತ್ತರದ ಕೊನೆಯಲ್ಲಿದ್ದ ಒಂದು ಪುಟ್ಟ ಅಂಕಿಯ ಮೇಲೆ ಬೆರಳಿಟ್ಟರು. "ಇಲ್ಲಿ ನಲವತ್ತೇಳು ಅಂತಿದೆ, ನೋಡಿದ್ರಾ ತುಂಗಮ್ಮ? ಪುಸ್ತಕದ ಕೊನೇಲಿ ಟಿಪ್ಪಣಿ ಇರತ್ತೆ. ಇಂಥ ಪುಸ್ತಕ ಬರೆಯೋ ಜನ ಹೇಳೋಕೆ ಹಿಂಜರಿಯೋದನ್ನೆಲ್ಲ ಅಲ್ಲಿ ಇಟ್ಟಿರ್ತಾರೆ."

ಟಿಪ್ಪಣಿಯ ಪುಟ ಬೇಕೆಂದಾಗ ತಿರುಮಲೇಶ ಬೀರುವಿನ ಕಡೆ ನೋಡಲೇ ಇಲ್ಲ. "ಈಗ ಯಾಕೆ ಅತ್ತಿಗೆ, ಹಬ್ಬ ಬಂತು. ಪೂಜೆ ಆಗ್ಲಿ," ಎಂದ. ಅಷ್ಟರಲ್ಲಿ ವಂದನಾ ಎಲ್ಲೆಲ್ಲಿಗೋ ಇಮೇಲ್ ಬರೆದು ವಿಚಾರಿಸಿದ್ದರು. ರೆನಾಟೆ ಹೋಲ್ಷರ್ ಬದುಕಿದ್ದಾರೆ, ಎಂಬತ್ತೆರಡು ವರ್ಷ, ಗಟಿಂಗೆನ್ ಎಂಬ ಊರಿನ ವೃದ್ಧಾಶ್ರಮದಲ್ಲಿ ಇದ್ದಾರೆ, ಕಾಗದ ಓದುತ್ತಾರೆ, ಫೋನು ಕೇಳಿಸುವುದಿಲ್ಲ. ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನು ಕಾಗದ ಬರೆಯಲು ಕೂತೆ, ಬರೆಯಲಾಗಲಿಲ್ಲ. ಆಕೆಯೇ ಬೇಕೆಂದು ಹಾಗೆ ಬರೆದರೋ, ನಂಬಿ ಬರೆದರೋ ತಿಳಿಯದೆ ಯಾರನ್ನು ಏನೆಂದು ಕೇಳಲಿ.

ಹೀಗಾಗಿ ಆ ವಿಜಯದಶಮಿಗೆ ನಾನು ಎಲೆ ಒರೆಸುತ್ತ ಕಾಯುತ್ತಿದ್ದೆ.

ಪುನಃಪೂಜೆ ಮುಗಿಯಿತು. ತಿರುಮಲೇಶನ ಮಗ ಶ್ರೀಕಾಂತ್ ಬ್ಯಾಂಕಿನ ಯಾವುದೋ ಮ್ಯಾನ್ಯುಯಲ್ಲಿನಿಂದ ನಾಲ್ಕು ಸಾಲು ಓದಿದ. ಅವನ ಮಗಳು ನೇಹಾ ಕೆಮಿಸ್ಟ್ರಿ ಓದಿದಳು. ಹಸಿರು ಪುಸ್ತಕ ನನ್ನ ಕೈಗೆ ಬಂತು. ರಟ್ಟಿನ ಮೇಲೆ ಕುಂಕುಮ ಪದರ ಪದರವಾಗಿ ಕಟ್ಟಿ ಎಣ್ಣೆಗಪ್ಪಾಗಿತ್ತು, ಬೆರಳಿಗೆ ಜಿಡ್ಡು ಹತ್ತಿತು.

ನೂರಾ ಹನ್ನೆರಡನೆಯ ಪುಟವನ್ನು ಮೊದಲು ಜರ್ಮನಿನಲ್ಲಿ ಓದಿದೆ, ಆಮೇಲೆ ಕನ್ನಡದಲ್ಲಿ. ಪ್ರಸಾದ, ಉಪವಾಸ, ಏಳು ಜನ್ಮ, ಒಂದನ್ನೂ ಬಿಡಲಿಲ್ಲ.

"ಆಹಾ," ಎಂದ ತಿರುಮಲೇಶ. "ಕೇಳಿದ್ಯೇನೋ ಶ್ರೀಕಾಂತ್? ಹೇಗಿತ್ತು ನೋಡು ಆ ಕಾಲ. ಸಾಕು ಅತ್ತಿಗೆ, ಇನ್ನು ಎಲೆ ಹಾಕೋಣ."

"ಒಂದು ಟಿಪ್ಪಣಿ ಇದೆ," ಎಂದೆ.

ಕೊನೆಯ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಿ ನಲವತ್ತೇಳು ಹುಡುಕಿದೆ. ನಾನೂ ಅದನ್ನು ಮೊದಲ ಸಲ ನೋಡುತ್ತಿದ್ದೆ. ಅರ್ಥವಾದಷ್ಟು ಅರ್ಥವಾದ ಹಾಗೆ ತಡೆದು ತಡೆದು ಹೇಳಿದೆ.

"ಸೊಸೆ ಒಂದೇ ಮಾತು ಹೇಳಿ ಮುಖ ತಿರುಗಿಸಿದಳು. ನನಗೆ ಸಿಕ್ಕ ಅನುವಾದದಲ್ಲಿ ಮೂರು ವಾಕ್ಯ ಇತ್ತು. ಅವಳು ಆಡಿದ ಮಾತು ಯಾವುದೋ ನನಗೆ ತಿಳಿಯದು. ಅವಳಿಗೆ ನನ್ನ ವಿಳಾಸ ಕೊಟ್ಟು ಬಂದಿದ್ದೇನೆ. ಈ ಪುಸ್ತಕ ಅಚ್ಚಿಗೆ ಹೋಗುವವರೆಗೂ ಕಾಗದ ಬಂದಿಲ್ಲ."

ನೇಹಾ ಕೇಳಿದಳು, "ಅಜ್ಜಿ, ನೀವು ಆಕ್ಚುವಲಿ ಏನ್ ಹೇಳಿದ್ರಿ?"

"ಅವತ್ತಿನ ಮಾತು ಅಜ್ಜಿಗೆ ಎಲ್ಲಿ ಜ್ಞಾಪಕ ಇರತ್ತೆ, ಬಿಡು," ಎಂದ ತಿರುಮಲೇಶ.

"ಅಸಹ್ಯ ಅಂದಿದ್ದೆ."

"ದೊಡ್ಡಮ್ಮಾ, ಎದುಕ್ಕು ಇಪ್ಪೋ ಇದೆಲ್ಲಾಂ," ಈಗ ಇದೆಲ್ಲ ಯಾಕೆ ಎಂದು ಶ್ರೀಕಾಂತ್ ತಮಿಳಿಗೆ ತಿರುಗಿದ. ಮನಸ್ಸಿಗೆ ಕಸಿವಿಸಿಯಾದರೆ ಅವನ ಕನ್ನಡ ನಿಲ್ಲುತ್ತದೆ. "ನಲ್ಲ ನಾಳ್ ಅದುವುಮಾ."

"ಒಳ್ಳೇ ದಿನವೇ ಓದ್ಬೇಕು ಅಂತ ನಿಮ್ಮಪ್ಪನೇ ಹೇಳಿದ್ದು," ಎಂದೆ.

ಆಗ ಊರ್ಮಿಳೆ ಬಾಯಿ ತೆರೆದಳು. ಅವಳು ಈ ಮನೆಗೆ ಬಂದಿದ್ದು ಪುಸ್ತಕ ಬಂದ ವರ್ಷ. ಆ ಬೀರುವಿನ ಬಗ್ಗೆ ಅವಳು ಒಂದು ಮಾತನ್ನೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಗಂಟೆಗೆ ಹಚ್ಚಿದ್ದ ಗಂಧ ಒರೆಸುತ್ತಲೇ ಅಂದಳು, "ನಿಮ್ಮನ್ನ ಒಬ್ಬಳಾದ್ರೂ ಬಂದು ಕೇಳಿದ್ಲಲ್ಲ ಅಕ್ಕಾ. ನನ್ನ ಯಾರೂ ಕೇಳ್ಲೇ ಇಲ್ಲ."

ಊಟ ಆಯಿತು. ಪಾಯಸ ಚೆನ್ನಾಗಿದೆ ಎಂದು ಎರಡು ಸಲ ಯಾರೋ ಅಂದರು. ತಿರುಮಲೇಶ ಎದ್ದು ಕೈ ತೊಳೆಯಲು ಹೋದ. ಅವನ ಎಲೆಯ ಮೇಲೆ ಹಿಂಡಿ ಬಿಟ್ಟ ನಿಂಬೆ ಹೋಳು, ಅರ್ಧ ಹೋಳಿಗೆ. ಊರ್ಮಿಳೆ ಅದರ ಮುಂದೆ ನಿಂತಳು, ಕೂರಲಿಲ್ಲ.

"ಅಕ್ಕಾ, ಇನ್ನೊಂದು ಎಲೆ ಇದ್ಯಾ?"

"ಹರಿದಿದ್ದು ಒಂದಿದೆ. ಹಸುವಿಗೆ ಇಟ್ಟಿದ್ದೆ."

"ಅದೇ ಕೊಡಿ. ಹುಳಿ ಹರಿದ್ರೆ ಹರೀಲಿ."

ಹರಿದ ಎಲೆಯ ಹಿಂಬದಿ ಒರೆಸಿ ಹಾಕಿದೆ.

ಮಧ್ಯಾಹ್ನ ಪಾತ್ರೆ ಎತ್ತಿಡುವಾಗ ತಿರುಮಲೇಶ ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತ. ಎಪ್ಪತ್ತು ದಾಟಿದ ಗಂಡಸು, ತಪ್ಪು ಮಾಡಿದ ಹುಡುಗನ ಹಾಗೆ ಬಾಗಿಲ ಚೌಕಟ್ಟು ಕೆರೆಯುತ್ತಿದ್ದ.

"ನಾನು ನಿಮ್ಮನ್ನ ಉಳಿಸಿದೆ ಅತ್ತಿಗೆ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ, ಅದು ಪುಸ್ತಕದಲ್ಲಿ ಬಂದು ಅಮ್ಮಂಗೆ ಗೊತ್ತಾಗಿದ್ರೆ, ನಿಮ್ಮನ್ನ ತೌರಿಗೆ ಕಳಿಸ್ತಿದ್ರು. ನಿಮ್ಮ ಗಂಡನಾಗಿ ಶೀನಣ್ಣನೂ ತಡೀತಿರ್ಲಿಲ್ಲ."

"ನಿಮ್ಮಮ್ಮಂಗೆ ಜರ್ಮನ್ ಬರ್ತಿತ್ತಾ?"

ಅವನು ಚೌಕಟ್ಟಿನ ಬಣ್ಣದ ಚಕ್ಕೆಯೊಂದನ್ನು ಉಗುರಿನಿಂದ ಎಬ್ಬಿಸಿದ.

"ಬಾಯಿ ಮುಚ್ಕೊಂಡಿದ್ರೆ ಉಳಿಸಿದ ಹಾಗೆ ಆಗ್ತಿತ್ತು, ತಿರುಮಲೇಶ. ಏಳು ಜನ್ಮ ಯಾಕೆ ಸೇರಿಸ್ದೆ?"

"ಚೆನ್ನಾಗಿರ್ಲಿ ಅಂತ," ಎಂದ. ಆಮೇಲೆ, "ಆಕೆಗೆ ಬರೀತೀರಾ?"

"ಬರೀತೀನಿ."

"ಬರೀರಿ. ಮಾತು ದಾಟಿಸಿದ್ದು ಯಾರು ಅನ್ನೋದು ಮಾತ್ರ ಬೇಡ. ನನ್ನ ಹೆಸರು ಬೇಡ. ನೇಹಾ ಎಲ್ಲಾ ಇಂಟರ್ನೆಟ್ಟಲ್ಲಿ ನೋಡ್ತಾಳೆ."

ಎಲೆಯ ಮೇಲಿನ ಅನ್ನಕ್ಕಿಂತ ಈ ಮಾತು ನನಗೆ ಹೆಚ್ಚು ಹೇಸಿಗೆ ತಂದಿತು. ಅವನು ನನ್ನ ಮಾತನ್ನು ತಿರುಚಿ ಐವತ್ತು ವರ್ಷ ಅದಕ್ಕೆ ಹೂವು ಏರಿಸಿದ್ದಾನೆ, ಪ್ರತಿ ವರ್ಷ ತಾನೇ ಹೆಣೆದ ಸುಳ್ಳಿಗೆ ಕೈಮುಗಿದಿದ್ದಾನೆ, ಈಗಲೂ ಹೆದರುವುದು ಮೊಮ್ಮಗಳ ಕಣ್ಣಿಗೆ. ಅವನನ್ನು ಬಯ್ಯುವ ಮನಸ್ಸೂ ಆಗಲಿಲ್ಲ. ತೊಳೆದ ಕೈಯನ್ನು ಮತ್ತೊಮ್ಮೆ ತೊಳೆದುಕೊಂಡೆ.

ಸಂಜೆಯೇ ಕಾಗದ ಬರೆದೆ, ಜರ್ಮನಿನಲ್ಲಿ. ಎರಡು ವರ್ಷದಿಂದ ಕಲಿತ ಉದ್ದುದ್ದ ವಾಕ್ಯಗಳು ಒಂದೂ ಬೇಕಾಗಲಿಲ್ಲ.

"ಮಾನ್ಯ ರೆನಾಟೆ ಹೋಲ್ಷರ್ ಅವರಿಗೆ. ನಿಮ್ಮ ನಲವತ್ತೇಳನೆಯ ಟಿಪ್ಪಣಿಯಲ್ಲಿರುವ ಸೊಸೆ ನಾನು. ತಡವಾಯಿತು, ಮೊದಲು ಶಾಲೆ ಮುಗಿಸಬೇಕಿತ್ತು, ಆಮೇಲೆ ನಿಮ್ಮ ಭಾಷೆ ಕಲಿಯಬೇಕಿತ್ತು. ಅವತ್ತು ನಾನು ಹೇಳಿದ್ದು ಒಂದೇ ಮಾತು, ಅಸಹ್ಯ ಎಂದು. ಪ್ರಸಾದ ಎಂದು ನಾನು ಹೇಳಲಿಲ್ಲ. ಮಾತು ದಾಟಿಸಿದವರು ತಮ್ಮ ಹೆಸರು ಬರೆಯಬೇಡಿ ಎಂದು ಇವತ್ತು ಕೇಳಿಕೊಂಡರು. ಆದ್ದರಿಂದ ಹೆಸರು ಬರೆದಿಲ್ಲ, ಕೇಳಿಕೊಂಡದ್ದನ್ನು ಬರೆದಿದ್ದೇನೆ. ನಿಮ್ಮ ಕೂಪನ್ ವಾಪಸು ಕಳಿಸುತ್ತಿದ್ದೇನೆ. ಕಾಫಿಯ ಲೋಟವನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದವಳೂ ನಾನೇ. ಅದೂ ನಿಮಗೆ ತಿಳಿದಿರಲಿ. ತುಂಗಾ."

ಮರುದಿನ ಬೆಳಿಗ್ಗೆ ಅಂಚೆ ಕಚೇರಿ ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದೆ. ಕೌಂಟರಿನ ಹುಡುಗಿ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟು ವಿಳಾಸ ಓದಲು ಹೆಣಗಿದಳು.

"ಜರ್ಮನಿಯಾ ಪಾಟಿ? ಪೈಯನ್ ಅಂಗೆ ಇರುಕ್ಕಾನಾ?" ಎಂದಳು. ಜರ್ಮನಿಯಾ ಅಜ್ಜಿ, ಮಗ ಅಲ್ಲಿದ್ದಾನಾ ಎಂದು.

"ಇಲ್ಲೆ. ಒರು ಅಮ್ಮಾ ಒರು ಕೇಳ್ವಿ ಕೇಟ್ಟಾಂಗ," ಎಂದೆ. ಒಬ್ಬ ಹೆಂಗಸು ಒಂದು ಪ್ರಶ್ನೆ ಕೇಳಿದ್ದರು, ಅಷ್ಟೆ.

"ಉಳ್ಳೆ ಎನ್ನ?" ಒಳಗೇನಿದೆ ಎಂದಳು.

"ಪದಿಲ್," ಎಂದೆ. ಉತ್ತರ.

ಅವಳು ಸ್ಟಾಂಪು ಅಂಟಿಸಿ, ಮೊಹರು ಒತ್ತಿ, ಕಾಗದವನ್ನು ಹಿಂದಿನ ಚೀಲಕ್ಕೆ ಎಸೆದಳು. ರಸೀದಿ ಕೈಗೆ ಬಂದ ಮೇಲೂ ನಾನು ಅಲ್ಲೇ ನಿಂತಿದ್ದೆ. ಹಿಂದಿನವರು ಕೆಮ್ಮಿದರು. ಪಕ್ಕಕ್ಕೆ ಸರಿದೆ.